ನೀಳ್ಗೂದಲ ಲೆಕ್ಕ

ಕನ್ನಡದಲ್ಲಿ ತಲೆಗೂದಲಿಗೆ ಇರುವಷ್ಟು ಹೆಸರುಗಳು ದೇಹದ ಬೇರೆ ಯಾವ ಭಾಗಕ್ಕೂ ಇದ್ದಂತೆ ನಾನು ಕಾಣೆ. ಮುಡಿ, ಕುರುಳು, ಮುಂಗುರುಳು, ಹೆರಳು, ಜಡೆ, ತುರುಬು. ಸಂಸ್ಕೃತದಿಂದ ಬಂದ ಕೇಶ, ಕುಂತಲ, ಅಳಕ, ವೇಣಿ, ಕಬರಿಗಳು ಬೇರೆ. ಹಳಗನ್ನಡ ಕಾವ್ಯವನ್ನು ಪಾಠಮಾಡುವಾಗ ಈ ಮಾತುಗಳನ್ನು ಕರಿಹಲಗೆಯ ಮೇಲೆ ಸಾಲಾಗಿ ಬರೆದು ಅವುಗಳ ಅರ್ಥಭೇದವನ್ನು ವಿವರಿಸುವುದು ನನ್ನ ವಾಡಿಕೆ. ದ್ರೌಪದಿಯ ಬಿಚ್ಚಿದ ಮುಡಿಯನ್ನು ಕಟ್ಟುವುದಕ್ಕಾಗಿ ಪಂಪನೂ ರನ್ನನೂ ಎಷ್ಟು ಪದ್ಯಗಳನ್ನು ವ್ಯಯಮಾಡಿದ್ದಾರೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಆದರೆ ಹದಿಮೂರು ವರ್ಷಕ್ಕೂ ಮಿಕ್ಕು ಗಾಳಿಗೂ ಧೂಳಿಗೂ ಒಡ್ಡಿಕೊಂಡಿದ್ದ ಆ ಕೂದಲಿನ ಸಿಕ್ಕನ್ನು ಬಿಡಿಸಿದವರು ಯಾರು, ಅದಕ್ಕೆ ಎಷ್ಟು ಎಣ್ಣೆ ಹಿಡಿಯಿತು ಎಂಬ ಸಂಗತಿಯತ್ತ ನಮ್ಮ ಮಹಾಕವಿಗಳು ಗಮನಕೊಟ್ಟಂತೆ ತೋರುವುದಿಲ್ಲ.

ನನ್ನ ವಿದ್ಯಾರ್ಥಿನಿಯರ ಆಸಕ್ತಿಯೆಲ್ಲ ಇರುವುದು ಅಲ್ಲಿಯೇ. ಗಂಟೆ ಹೊಡೆದ ಮೇಲೆ ಮೇಜಿನ ಬಳಿಗೆ ಬಂದು, “ಮೇಡಂ, ಕೂದಲು ಉದ್ದ ಬೆಳೆಯೋದಕ್ಕೆ ಯಾವ ಎಣ್ಣೆ ಹಚ್ಚಬೇಕು?” ಎಂದು ಕೇಳುತ್ತಾರೆ. ನನ್ನ ಜಡೆ ಸೊಂಟವನ್ನು ಮುಟ್ಟುವುದರಿಂದ ಛಂದಸ್ಸಿಗಿಂತ ಈ ವಿಷಯದಲ್ಲಿ ನನಗೆ ಹೆಚ್ಚಿನ ಅಧಿಕಾರವಿದೆಯೆಂದು ಅವರ ನಂಬಿಕೆ. ಈಚೆಗೆ ಹುಡುಗರೂ ಕೇಳತೊಡಗಿದ್ದಾರೆ. ಅವರೆಲ್ಲರಿಗೂ ನಾನು ಎಣ್ಣೆಯ ಹೆಸರಿಗೆ ಮೊದಲು ಒಂದು ಲೆಕ್ಕವನ್ನು ಹೇಳುತ್ತೇನೆ.

ಮನುಷ್ಯನ ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಿಂದ 1.25 ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ವರ್ಷಕ್ಕೆ ಹೆಚ್ಚುಕಡಿಮೆ 15 ಸೆಂಟಿಮೀಟರು. ಸೊಂಟಕ್ಕೆ ಇಳಿಯುವ ಜಡೆ 75 ಸೆಂಟಿಮೀಟರು ಇದೆಯೆನ್ನಿ. ಹಾಗಾದರೆ ಅದರ ತುದಿ ಐದು ವರ್ಷ ಹಳೆಯದು. ವಾರಕ್ಕೆ ಎರಡು ಬಾರಿ ತಲೆಗೆ ಎರೆದುಕೊಳ್ಳುವವರಾದರೆ ಆ ತುದಿ ಐನೂರಕ್ಕೂ ಹೆಚ್ಚು ಸ್ನಾನಗಳನ್ನು ಕಂಡಿದೆ. ದಿನಕ್ಕೆ ಒಂದು ಸಲ ಬಾಚಿದರೂ ಹದಿನೆಂಟುನೂರು ಸಲ ಹಣಿಗೆಯ ಕೆಳಗೆ ಹಾದುಹೋಗಿದೆ. ಪ್ರೌಢಶಾಲೆಯಲ್ಲಿದ್ದಾಗ ಹುಟ್ಟಿದ ಕೂದಲು ಪದವಿ ಪಡೆಯುವಾಗ ಬೆನ್ನಿನ ಮೇಲೆ ಆಡುತ್ತಿರುತ್ತದೆ. ಬುಡದಲ್ಲಿ ಮಾತ್ರ ಅದಕ್ಕೆ ಜೀವವುಂಟು. ಚರ್ಮದಿಂದ ಹೊರಗೆ ಬಂದ ಎಳೆ ನಮ್ಮ ಉಗುರಿನಂತೆ ಕೆರಾಟಿನ್ ಎಂಬ ಪ್ರೋಟೀನಿನಿಂದಾದ ನಿರ್ಜೀವ ವಸ್ತು. ಅದಕ್ಕೆ ಗಾಯವಾದರೆ ಮಾಯುವುದಿಲ್ಲ. “ನನ್ನ ಕೂದಲು ಭುಜದಿಂದ ಕೆಳಗೆ ಬೆಳೆಯುವುದೇ ಇಲ್ಲ” ಎನ್ನುವವರಲ್ಲಿ ಹಲವರ ಕೂದಲು ಬುಡದಲ್ಲಿ ತನ್ನ ಪಾಡಿಗೆ ತಾನು ಬೆಳೆಯುತ್ತಲೇ ಇರುತ್ತದೆ. ಬೆಳೆದಷ್ಟೂ ತುದಿಯಲ್ಲಿ ಮುರಿದುಹೋಗುತ್ತಿರುತ್ತದೆ, ಅಷ್ಟೆ. ಎಲ್ಲರ ಮಾತೂ ಹೀಗೆಂದು ಹೇಳಲಾರೆ. ಒಂದು ಎಳೆ ಬೆಳೆಯುವ ಅವಧಿ ಸಾಮಾನ್ಯವಾಗಿ ಎರಡರಿಂದ ಆರು ವರ್ಷ. ಆಮೇಲೆ ಅದು ಕೆಲವು ತಿಂಗಳು ಸುಮ್ಮನಿದ್ದು ಉದುರಿ, ಆ ಜಾಗದಲ್ಲಿ ಹೊಸದು ಹುಟ್ಟುತ್ತದೆ. ಈ ಅವಧಿ ಬಹುಮಟ್ಟಿಗೆ ತಂದೆತಾಯಿಗಳಿಂದ ಬಂದದ್ದು. ಮೂರೇ ವರ್ಷ ಬೆಳೆಯುವ ಕೂದಲಿಗೆ ಮೊಣಕಾಲಿನ ಆಸೆ ಹುಟ್ಟಿಸಿ ಸೀಸೆ ಮಾರುವವರನ್ನು ಕಂಡಾಗ ನನಗೆ ಸಿಟ್ಟುಬರುತ್ತದೆ.

ಕೂದಲಿನ ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಹೊರಮೈ ನಮ್ಮ ಮಲೆನಾಡಿನ ಮನೆಗಳ ಹೆಂಚಿನ ಮಾಡನ್ನು ನೆನಪಿಗೆ ತರುತ್ತದೆ. ಒಂದರ ಮೇಲೊಂದು ಹೊದಿಸಿದಂತಿರುವ ಪುಟ್ಟ ಪೊರೆಗಳ ಅಂಚೆಲ್ಲ ತುದಿಯ ಕಡೆಗೆ ಮುಖಮಾಡಿರುತ್ತದೆ. ನೆನೆದಾಗ ಎಳೆ ಉಬ್ಬಿ, ಹೆಂಚು ಸಡಿಲವಾಗುತ್ತದೆ. ಆಗ ಎಳೆದರೆ ರಬ್ಬರಿನಂತೆ ಹಿಗ್ಗಿ ತುಂಡಾಗುತ್ತದೆ. ಒದ್ದೆತಲೆಯನ್ನು ಟವಲಿನಿಂದ ಗಸಗಸನೆ ಉಜ್ಜಬಾರದು, ಒತ್ತಿ ನೀರು ತೆಗೆಯಬೇಕು ಎನ್ನುವುದು ಇದಕ್ಕಾಗಿ. ಸಿಕ್ಕನ್ನು ಬುಡದಿಂದ ಕೆಳಕ್ಕೆ ಎಳೆದರೆ ಗಂಟುಗಳೆಲ್ಲ ತುದಿಗೆ ಸರಿದು ಬಿಗಿಯುತ್ತವೆ. ತುದಿಯ ನಾಲ್ಕು ಬೆರಳನ್ನು ಮೊದಲು ಬಿಡಿಸಿ, ಅದರ ಮೇಲಿನ ನಾಲ್ಕು ಬೆರಳನ್ನು ಆಮೇಲೆ ಬಿಡಿಸಿ, ಹೀಗೆ ಬುಡಕ್ಕೆ ಏರಬೇಕು.

ಇದನ್ನು ನನಗೆ ಕಲಿಸಿದವಳು ನನ್ನ ಅಜ್ಜಿಯ ಅಕ್ಕ, ನಮ್ಮೆಲ್ಲರ ದೊಡ್ಡಜ್ಜಿ. ಮಧ್ಯಾಹ್ನದ ಊಟವಾದ ಮೇಲೆ ಹಿಂದಿನ ಜಗುಲಿಯಲ್ಲಿ ಮನೆಯ ಹುಡುಗಿಯರನ್ನೆಲ್ಲ ಸಾಲಾಗಿ ಕೂರಿಸಿಕೊಂಡು, ಬಟ್ಟಲಿನಲ್ಲಿ ಬೆಚ್ಚಗಿನ ಕೊಬ್ಬರಿ ಎಣ್ಣೆ, ಮಗ್ಗುಲಲ್ಲಿ ಅಗಲ ಹಲ್ಲಿನ ಮರದ ಹಣಿಗೆ ಇಟ್ಟುಕೊಂಡು, ಒಬ್ಬೊಬ್ಬರ ತಲೆಯನ್ನೂ ಬಾಚಿ ಹೆಣೆಯುತ್ತಿದ್ದಳು. ನಾವು ಆತುರಪಟ್ಟು ಹಣಿಗೆಯನ್ನು ಕಿತ್ತುಕೊಂಡರೆ, “ತುದಿಗೆ ವಯಸ್ಸಾಗಿದೆ ಮಗೂ, ನಿಧಾನ” ಎನ್ನುತ್ತಿದ್ದಳು. ಕೆರಾಟಿನ್ ಎಂಬ ಹೆಸರನ್ನು ಅವಳು ಕೇಳಿದವಳಲ್ಲ. ಹಣಿಗೆಯಲ್ಲಿ ಸಿಕ್ಕ ಕೂದಲನ್ನು ಬೆರಳಿಗೆ ಸುತ್ತಿ ಒಂದು ತಗಡಿನ ಡಬ್ಬದಲ್ಲಿ ಇಡುತ್ತಿದ್ದಳು. ತೆಳುಕೂದಲಿನ ನನ್ನ ಅತ್ತೆಗೆ ಚೌರಿ ಮಾಡಿಕೊಡುವುದಕ್ಕೆ.

ದೊಡ್ಡಜ್ಜಿಯ ತಲೆಯಲ್ಲಿ ಕೂದಲಿರಲಿಲ್ಲ. ಹದಿನಾಲ್ಕರ ವಯಸ್ಸಿನಲ್ಲಿ ಗಂಡ ತೀರಿಕೊಂಡಾಗ ತೆಗೆಸಿದ್ದರು. ನಾನು ಸಣ್ಣವಳಾಗಿದ್ದಾಗಲೂ, ಎಂದರೆ 1980ರ ದಶಕದಲ್ಲಿ, ತಿಂಗಳಿಗೊಮ್ಮೆ ಕ್ಷೌರಿಕ ಹಿತ್ತಿಲಿಗೆ ಬರುತ್ತಿದ್ದ. ಆ ಹೊತ್ತಿಗೆ ಮಕ್ಕಳು ಅತ್ತ ಹೋಗಕೂಡದೆಂದು ಕಟ್ಟಳೆ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯನ್ನು ಓದಿರುವವರಿಗೆ ಇಂಥ ಹೆಣ್ಣುಮಕ್ಕಳ ಪರಿಚಯ ಹೊಸದಲ್ಲ. ಒಂದು ದಿನ ನಾನು, “ದೊಡ್ಡಜ್ಜಿ, ನಿನ್ನ ಕೂದಲು ಎಷ್ಟುದ್ದ ಇತ್ತು?” ಎಂದು ಕೇಳಿದೆ. ಅವಳು ಏನನ್ನೂ ಹೇಳಲಿಲ್ಲ. ನನ್ನ ಬೆನ್ನಿನ ಮೇಲೆ, ಸೊಂಟಕ್ಕಿಂತ ಒಂದು ಗೇಣು ಕೆಳಗೆ, ಬೆರಳನ್ನು ಊರಿ ತೋರಿಸಿದಳು. ಮತ್ತೆ ಜಡೆ ಹೆಣೆಯತೊಡಗಿದಳು. ಆರು ದಶಕ ಕಳೆದ ಮೇಲೂ ಅವಳ ಬೆರಳು ಆ ಜಾಗವನ್ನು ಹುಡುಕಬೇಕಾಗಿರಲಿಲ್ಲ.

ಎಣ್ಣೆಯ ವಿಷಯಕ್ಕೆ ಬರೋಣ. ಬುಡಕ್ಕೆ ತಿಕ್ಕಿದ ಮಾತ್ರಕ್ಕೆ ಕೂದಲು ಬೇಗ ಬೆಳೆಯುತ್ತದೆಂಬ ಭರವಸೆಯನ್ನು ನಾನು ಯಾರಿಗೂ ಕೊಡಲಾರೆ. ಇದ್ದ ಕೂದಲನ್ನು ಉಳಿಸುವ ಗುಣ ಮಾತ್ರ ಕೊಬ್ಬರಿ ಎಣ್ಣೆಗೆ ಉಂಟು. 2003ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಹೋಲಿಸಿದಾಗ, ತೊಳೆಯುವಾಗಿನ ಪ್ರೋಟೀನಿನ ನಷ್ಟವನ್ನು ಗಮನಾರ್ಹವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆಯೊಂದೇ. ಅದರಲ್ಲಿರುವ ಲಾರಿಕ್ ಆಮ್ಲ ಎಳೆಯ ಒಳಕ್ಕೆ ಇಳಿಯಬಲ್ಲದು. ಉಳಿದವು ಬಹುಮಟ್ಟಿಗೆ ಮೇಲೆಯೇ ನಿಲ್ಲುತ್ತವೆ. ಸಂಶೋಧನೆ ನಡೆಸಿದವರು ಕೊಬ್ಬರಿ ಎಣ್ಣೆಯನ್ನು ಮಾರುವ ಕಂಪನಿಯವರೇ ಎಂಬುದನ್ನೂ ಓದುಗರು ತಿಳಿದಿರುವುದು ಒಳ್ಳೆಯದು. ಎರೆದುಕೊಳ್ಳುವ ಕೆಲವು ಗಂಟೆ ಮೊದಲು, ತುದಿಯನ್ನು ಮರೆಯದೆ, ಹದವಾಗಿ ಹಚ್ಚಿದರೆ ಸಾಕು. ತಲೆಯಲ್ಲಿ ಹೊಟ್ಟಿರುವವರು ಬುಡಕ್ಕೆ ಎಣ್ಣೆಯನ್ನು ಮೆತ್ತಿಕೊಂಡು ದಿನಗಟ್ಟಲೆ ಇರುವುದು ಬೇಡ. ಹೊಟ್ಟಿಗೆ ಕಾರಣವಾಗುವ ಸೂಕ್ಷ್ಮಜೀವಿಗೆ ಎಣ್ಣೆಯೇ ಆಹಾರ.

ಸೀಗೆಕಾಯಿಯೋ ಶಾಂಪೂವೋ ಎಂಬ ವಾದದಲ್ಲಿ ನಾನು ಯಾವ ಪಕ್ಷದವಳೂ ಅಲ್ಲ. ಶಾಂಪೂ ಎಂಬ ಮಾತೇ ನಮ್ಮ ದೇಶದ್ದು: ಹಿಂದಿಯಲ್ಲಿ ಒತ್ತು, ನೀವು ಎಂಬರ್ಥದ ‘ಚಾಂಪೋ’. ಪಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ ಎಂಬಾತ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ಸ್ನಾನಗೃಹವನ್ನು ತೆರೆದು ಆ ಮಾತನ್ನು ಪ್ರಸಿದ್ಧಿಗೆ ತಂದ. ಸೀಗೆಪುಡಿಯನ್ನು ವಸ್ತ್ರಗಾಳಿಸಿ, ದಾಸವಾಳದ ಎಲೆಯ ಲೋಳೆಯೊಡನೆ ಕಲಸಿ ಹಚ್ಚುವ ಪುರುಸೊತ್ತು ಇದ್ದವರು ಹಾಗೆ ಮಾಡಲಿ. ಶಾಂಪೂ ಬಳಸುವವರು ಅದನ್ನು ಬುಡಕ್ಕಷ್ಟೇ ಹಚ್ಚಲಿ. ಇಳಿದುಬರುವ ನೊರೆಯೇ ಉದ್ದಕ್ಕೆ ಸಾಕು.

ಬುಡದ ಮಾತು ದೇಹದ ಮಾತು. ಕೆಲವು ವರ್ಷಗಳ ಹಿಂದೆ ಬಿ.ಎ. ತರಗತಿಯ ಒಬ್ಬ ಹುಡುಗಿ ಮುಂದಿನ ಬೆಂಚನ್ನು ಬಿಟ್ಟು ಕೊನೆಯ ಬೆಂಚಿಗೆ ಹೋಗಿ ಕೂರಲಾರಂಭಿಸಿದಳು. ತಲೆಯ ಮೇಲೆ ಸದಾ ದುಪಟ್ಟ. ವಿಚಾರಿಸಿದಾಗ ಅತ್ತುಬಿಟ್ಟಳು. ಕೂದಲು ಹಿಡಿಹಿಡಿಯಾಗಿ ಉದುರುತ್ತಿತ್ತು. ಮೂರು ಬಗೆಯ ಎಣ್ಣೆಗೆ ತಾಯಿಯ ಕೂಲಿಯ ಹಣ ಸುರಿದಿತ್ತು. ಮೂರು ತಿಂಗಳ ಹಿಂದೆ ಅವಳಿಗೆ ಡೆಂಗಿ ಜ್ವರ ಬಂದಿತ್ತೆಂಬುದನ್ನು ಯಾರೂ ಇದರೊಡನೆ ಸೇರಿಸಿ ನೋಡಿರಲಿಲ್ಲ. ಕಠಿಣವಾದ ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ಊಟ ಬಿಟ್ಟು ಮೈ ಇಳಿಸುವ ಹಟ, ಇವುಗಳಿಂದ ಬೆಳೆಯುತ್ತಿರುವ ಎಳೆಗಳು ಒಟ್ಟಿಗೆ ವಿಶ್ರಾಂತಿಗೆ ಹೋಗಿ, ಎರಡು ಮೂರು ತಿಂಗಳ ಅನಂತರ ಒಟ್ಟಿಗೆ ಉದುರುತ್ತವೆ. 2020-21ರ ಕೋವಿಡ್ ಕಾಲದಲ್ಲಿ ಇದನ್ನು ಕಂಡವರು ಅನೇಕರು. ಬುಡ ಸತ್ತಿರುವುದಿಲ್ಲವಾದ್ದರಿಂದ ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಮತ್ತೆ ಬರುತ್ತದೆ. ಆ ಹುಡುಗಿಯ ರಕ್ತಪರೀಕ್ಷೆ ಮಾಡಿಸಿದ ವೈದ್ಯರು ಕಬ್ಬಿಣದ ಕೊರತೆಯನ್ನೂ ಕಂಡುಹಿಡಿದು ಮಾತ್ರೆ ಕೊಟ್ಟರು. ಮುಂದಿನ ವರ್ಷ ಅವಳ ಬೈತಲೆಯ ಎರಡೂ ಪಕ್ಕ ಗಿಡ್ಡ ಕೂದಲುಗಳು ಗರಿಕೆಯಂತೆ ಎದ್ದುನಿಂತಿದ್ದವು. ಅವನ್ನು ಅಂಟಿಸಿ ಕೂರಿಸುವುದು ಹೇಗೆಂದು ಕೇಳಲು ಬಂದಳು. ಬೇಳೆ, ಸೊಪ್ಪು, ಮೊಟ್ಟೆಗೆ ಖರ್ಚಾದ ಹಣ ತಲೆಗೂ ಸಲ್ಲುತ್ತದೆ. ದುಂಡುದುಂಡಾಗಿ ಕೂದಲು ಹೋದರೆ, ಬೈತಲೆ ಅಗಲವಾಗುತ್ತ ಬಂದರೆ, ಆರು ತಿಂಗಳಾದರೂ ಉದುರುವುದು ನಿಲ್ಲದಿದ್ದರೆ ಚರ್ಮವೈದ್ಯರಲ್ಲಿಗೆ ಹೋಗಬೇಕು.

ಜಡೆಯನ್ನು ಹಣೆಯ ಚರ್ಮ ಸೆಳೆಯುವಷ್ಟು ಬಿಗಿಯಾಗಿ ಹೆಣೆಯುವ ಶಿಸ್ತು ಕೆಲವು ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಇನ್ನೂ ಉಂಟು. ವರ್ಷಗಟ್ಟಲೆ ಹಾಗೆ ಎಳೆದರೆ ಹಣೆಯಂಚಿನ ಬುಡಗಳೇ ಸೋತು, ಹೋದ ಕೂದಲು ಮತ್ತೆ ಬಾರದಿರಬಹುದು. ಸೀಳಿದ ತುದಿಗೆ ಕತ್ತರಿಯೊಂದೇ ಮದ್ದು. ಕತ್ತರಿಸಿದರೆ ಬೇಗ ಬೆಳೆಯುತ್ತದೆಂಬುದು ಸುಳ್ಳಾದರೂ ಸೀಳು ಮೇಲಕ್ಕೆ ಹತ್ತುವುದು ತಪ್ಪುತ್ತದೆ.

ಹೊಸದಾಗಿ ತೊಡಗುವವರು ದಿನವೂ ಕನ್ನಡಿಯಲ್ಲಿ ಅಳೆಯುವ ಚಪಲವನ್ನು ಬಿಟ್ಟು ಮೂರು ತಿಂಗಳಿಗೊಮ್ಮೆ ಟೇಪು ಹಿಡಿದು ದಿನಚರಿಯಲ್ಲಿ ಬರೆದಿಡಬೇಕು. ಮೂರು ಸೆಂಟಿಮೀಟರಿನಷ್ಟು ಹೆಚ್ಚಿರದಿದ್ದರೆ ಹಣಿಗೆಯಲ್ಲಿ ಸಿಕ್ಕ ಕೂದಲನ್ನು ಬಿಳಿಯ ಕಾಗದದ ಮೇಲೆ ಹರವಿ ನೋಡಿ. ಒಂದು ಕೊನೆಯಲ್ಲಿ ಸಣ್ಣ ಬಿಳಿಯ ಗಂಟಿರುವುದು ಬುಡದಿಂದ ಉದುರಿದ್ದು. ದಿನಕ್ಕೆ ಐವತ್ತರಿಂದ ನೂರರವರೆಗೆ ಅಂಥವು ಬೀಳುವುದು ಸಹಜ. ಗಂಟಿಲ್ಲದ ಗಿಡ್ಡ ತುಂಡುಗಳು ಮುರಿದವು. ಅವೇ ಹೆಚ್ಚಾಗಿದ್ದರೆ ಎಣ್ಣೆಯಂಗಡಿಗೆ ಹೋಗುವ ಮೊದಲು ಹಣಿಗೆಯ ಹಲ್ಲುಗಳ ಮೇಲೆ ಬೆರಳಾಡಿಸಿ ನೋಡಿ. ಒರಟಾಗಿದ್ದರೆ ಬೇರೆ ಹಣಿಗೆ ಕೊಳ್ಳಿ.