ಪೀಪಾಯಿಯೊಳಗಿನ ಜೀವ

ಒಂದು ಪಾನೀಯದ ರುಚಿಯನ್ನು ವಿವರಿಸಹೊರಟವನು ಮೊದಲು ಅದರ ಹೆಸರನ್ನು ಬಿಡಿಸಿ ಹೇಳಬೇಕು. ‘ಕ್ಯಾಸ್ಕ್ ಬ್ಲಾಂಡ್ ಏಲ್’ ಎಂಬಲ್ಲಿ ಮೂರು ಪದಗಳಿವೆ. ‘ಕ್ಯಾಸ್ಕ್’ ಎಂದರೆ ಪೀಪಾಯಿ. ‘ಬ್ಲಾಂಡ್’ ಎಂಬುದು ಫ್ರೆಂಚಿನಿಂದ ಬಂದ ಮಾತು. ಹೊಂಗೂದಲಿನವರನ್ನು ಕುರಿತು ಆಡುವ ಈ ಮಾತು ಇಲ್ಲಿ ಪಾನೀಯದ ತಿಳಿಹಳದಿ ಬಣ್ಣವನ್ನು ಸೂಚಿಸುತ್ತದೆ. ‘ಏಲ್’ ಇಂಗ್ಲಿಷಿನ ಬಹು ಹಳೆಯ ಶಬ್ದಗಳಲ್ಲೊಂದು. 15ನೆಯ ಶತಮಾನದಲ್ಲಿ, ಹಾಪ್ ಎಂಬ ಬಳ್ಳಿಯ ಕಹಿ ಹೂಗಳನ್ನು ಹಾಕಿ ಕುದಿಸಿದ ‘ಬೀರ್’ ಸಮುದ್ರದಾಚೆಯಿಂದ ಇಂಗ್ಲೆಂಡಿನಲ್ಲಿ ಬೇರೂರಿದಾಗ, ಹಾಪ್ ಇಲ್ಲದ ದೇಶೀ ಪಾನೀಯವು ‘ಏಲ್’ ಎನಿಸಿಕೊಂಡಿತು. ಮುಂದೆ ಏಲಿಗೂ ಹಾಪ್ ಬಿದ್ದಿತು. ಆ ಭೇದ ಅಳಿಯಿತು. ಇಂದು, ತುಸು ಬೆಚ್ಚನೆಯ ಹದದಲ್ಲಿ, ನೊರೆಯೊಡನೆ ಮೇಲಕ್ಕೇರುವ ಯೀಸ್ಟಿನಿಂದ ಹುದುಗಿದ ಬೀರಿಗೆ ಏಲ್ ಎನ್ನುತ್ತಾರೆ. ತಣ್ಣನೆಯ ಹದದಲ್ಲಿ ನಿಧಾನವಾಗಿ ಹುದುಗುವುದು ಲಾಗರ್. ನಮ್ಮ ಊರುಗಳಲ್ಲಿ ಸೀಸೆಯಲ್ಲಿ ಸಿಗುವ ಬೀರು ಬಹುಮಟ್ಟಿಗೆ ಈ ಲಾಗರೇ.

ಪಾನವನ್ನು ಹೊಗಳುವುದು ನನ್ನ ಉದ್ದೇಶವಲ್ಲವೆಂದು ಕೇಳುಗರಿಗೆ ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ಆದರೆ ಒಂದು ಜನ ತನ್ನ ಪಾನೀಯವನ್ನು ಹೇಗೆ ರೂಪಿಸಿಕೊಂಡಿತು, ಹೇಗೆ ಕಳೆದುಕೊಳ್ಳುವುದರಲ್ಲಿತ್ತು, ಹೇಗೆ ಉಳಿಸಿಕೊಂಡಿತು ಎಂಬುದು ಸಂಸ್ಕೃತಿಯಲ್ಲಿ ಆಸಕ್ತಿಯುಳ್ಳವರು ತಿಳಿಯತಕ್ಕ ಸಂಗತಿ.

ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್ ಆಗುತ್ತದೆ. ಅದನ್ನು ಬಿಸಿನೀರಿನಲ್ಲಿ ಕಲಸಿ ಸಿಹಿಯಾದ ರಸ ತೆಗೆದು, ಹಾಪ್ ಹಾಕಿ ಕುದಿಸಿ, ಆರಿಸಿ, ಯೀಸ್ಟು ಬೆರೆಸುತ್ತಾರೆ. ರಾತ್ರಿ ಕಲಸಿಟ್ಟ ದೋಸೆಯ ಹಿಟ್ಟು ಬೆಳಗಾಗುವ ಹೊತ್ತಿಗೆ ಉಬ್ಬುವುದನ್ನು ಕಂಡವರಿಗೆ ಹುದುಗಿನ ಮಹಿಮೆಯನ್ನು ಬಣ್ಣಿಸಬೇಕಾಗಿಲ್ಲ. ಇಲ್ಲಿಯವರೆಗೆ ಎಲ್ಲ ಏಲುಗಳ ಕಥೆಯೂ ಒಂದೇ. ಮುಂದಿನದರಲ್ಲಿ ವ್ಯತ್ಯಾಸವಿದೆ. ಕಾರ್ಖಾನೆಯ ಬೀರನ್ನು ಸೋಸಿ, ಬಿಸಿ ಮಾಡಿ, ಯೀಸ್ಟನ್ನು ಕೊಂದು ಮುಚ್ಚಿಡುವುದು ವಾಡಿಕೆ. ಪೀಪಾಯಿಯ ಏಲನ್ನು ಯೀಸ್ಟು ಬದುಕಿರುವಂತೆಯೇ ತುಂಬುತ್ತಾರೆ. ಪಬ್ಬಿನ ನೆಲಮಾಳಿಗೆಯನ್ನು ಸೇರಿದ ಮೇಲೂ ಅದು ಒಳಗೊಳಗೇ ಹುದುಗುತ್ತಿರುತ್ತದೆ. ಅದರ ನವಿರಾದ ಗುಳ್ಳೆಗಳು ಹುಟ್ಟುವುದು ಈ ಎರಡನೆಯ ಹುದುಗಿನಿಂದಲೇ ಹೊರತು ಹೊರಗಿನಿಂದ ಒತ್ತಿದ ಅನಿಲದಿಂದಲ್ಲ.

ಆದ್ದರಿಂದ ಏಲಿನ ತಯಾರಿಕೆಯ ಕಡೆಯ ಘಟ್ಟ ಪಬ್ಬಿನ ಯಜಮಾನನ ಕೈಯಲ್ಲಿದೆ. ಪೀಪಾಯಿಯನ್ನು ಅಡ್ಡಲಾಗಿ ಮಲಗಿಸಿ, ಅಲುಗದಂತೆ ಬೆಣೆ ಕೊಟ್ಟು, ಮೇಲಿನ ಬಿರಡೆಗೆ ಮೆದುಮರದ ಸಣ್ಣ ಗೂಟವೊಂದನ್ನು ಬಡಿಯುತ್ತಾನೆ. ಅದರ ಸಂದಿಗಳಿಂದ ಹೆಚ್ಚಿನ ಅನಿಲ ಮೆಲ್ಲಗೆ ಹೊರಬೀಳುತ್ತದೆ. ರಭಸ ತಗ್ಗಿದ ಮೇಲೆ ಗಟ್ಟಿಮರದ ಗೂಟವಿಟ್ಟು ಉಳಿದ ಅನಿಲವನ್ನು ಕಾಪಾಡುತ್ತಾನೆ. ಯೀಸ್ಟು ತಳಕ್ಕಿಳಿದು ಏಲು ತಿಳಿಯಾಗಬೇಕು. ಇದಕ್ಕೆ ಮೀನಿನ ಗಾಳಿಚೀಲದಿಂದ ತೆಗೆದ ಅಂಟನ್ನು ಬೆರೆಸುವ ಹಳೆಯ ಪದ್ಧತಿಯುಂಟು. ಸಸ್ಯಾಹಾರಿಗಳು ಇದನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು. ಅದನ್ನು ಬಿಟ್ಟು ತಯಾರಿಸುವವರೂ ಈಗ ಇದ್ದಾರೆ. ನೆಲಮಾಳಿಗೆ 11ರಿಂದ 13 ಡಿಗ್ರಿ ಸೆಂಟಿಗ್ರೇಡಿನ ತಂಪಿನಲ್ಲಿರಬೇಕು. ಇಂಗ್ಲಿಷರು ಬೀರನ್ನು ಬೆಚ್ಚಗೆ ಕುಡಿಯುತ್ತಾರೆಂಬ ಹಾಸ್ಯದಲ್ಲಿ ಹುರುಳಿಲ್ಲ. ನಮ್ಮ ಮಣ್ಣಿನ ಹೂಜಿಯ ನೀರಿನಂತೆ, ಹಲ್ಲು ಜುಮ್ಮೆನಿಸದೆ ಗಂಟಲಿಗೆ ಹಿತವಾಗುವ ತಂಪು ಅದು.

ಜೀವವಿರುವುದಕ್ಕೆ ಆಯುಸ್ಸಿನ ಮಿತಿಯೂ ಇರುತ್ತದೆ. ‘ಫರ್ಕಿನ್’ ಎಂಬ ಪೀಪಾಯಿಯಲ್ಲಿ 9 ಗ್ಯಾಲನ್, ಎಂದರೆ 72 ಪೈಂಟ್ ಹಿಡಿಸುತ್ತದೆ. ಒಂದು ಪೈಂಟೆಂದರೆ ಅರ್ಧ ಲೀಟರಿಗಿಂತ ತುಸು ಹೆಚ್ಚು. ಒಮ್ಮೆ ನಲ್ಲಿ ಹೊಡೆದು ಏಲು ಸೆಳೆಯತೊಡಗಿದರೆ, ಖಾಲಿಯಾದ ಜಾಗಕ್ಕೆ ಹೊರಗಿನ ಗಾಳಿ ನುಗ್ಗುತ್ತದೆ. ಸುಮಾರು ಮೂರು ದಿನಗಳಲ್ಲಿ ಪೀಪಾಯಿ ಬರಿದಾಗಬೇಕು. ಇಲ್ಲವಾದರೆ ರುಚಿ ಸಪ್ಪೆಯಾಗಿ, ಆಮೇಲೆ ಹುಳಿಯಾಗುತ್ತದೆ. ಬಂದು ಕೂರುವ ನೆರೆಹೊರೆಯವರಿಲ್ಲದ ಪಬ್ಬಿನಲ್ಲಿ ಒಳ್ಳೆಯ ಪೀಪಾಯಿ ಏಲು ದೊರೆಯಲಾರದು. ಈ ಪಾನೀಯದ ಗುಣವನ್ನು ಬಾರ್ಲಿ, ನೀರುಗಳಷ್ಟೇ ಜನಸಂದಣಿಯೂ ನಿರ್ಧರಿಸುತ್ತದೆ.

ವ್ಯಾಪಾರಿಗಳಿಗೆ ಇದು ತಲೆನೋವಿನ ವಿಷಯ. 1960ರ ದಶಕದಲ್ಲಿ ದೊಡ್ಡ ಕಂಪೆನಿಗಳು ಸೋಸಿ, ಕಾಯಿಸಿ, ಅನಿಲ ತುಂಬಿದ ‘ಕೆಗ್’ ಬೀರನ್ನು ಹರಡಿದವು. ಅದು ಬೇಗನೆ ಕೆಡುವುದಿಲ್ಲ. ಅದಕ್ಕೆ ಯಜಮಾನನ ಕೌಶಲವೂ ಬೇಕಾಗಿಲ್ಲ. ಊರೂರಿನ ಏಲುಗಳು ಮರೆಯಾಗತೊಡಗಿದವು. 1971ರಲ್ಲಿ ಐರ್ಲೆಂಡಿಗೆ ಪ್ರವಾಸ ಹೋಗಿದ್ದ ನಾಲ್ವರು ಇಂಗ್ಲಿಷ್ ಗೆಳೆಯರು ಇದಕ್ಕೆ ಮರುಗಿ ಒಂದು ಸಂಘ ಕಟ್ಟಿದರು. ‘ಕ್ಯಾಂಪೇನ್ ಫಾರ್ ರಿಯಲ್ ಏಲ್’ ಎಂಬ ಹೆಸರಿನಿಂದ ಅದು ಪ್ರಸಿದ್ಧವಾಯಿತು. ಬಳಕೆದಾರರೇ ಎದ್ದು ನಿಂತು ತಮ್ಮ ನಾಲಗೆಯ ಹಕ್ಕನ್ನು ಕೇಳಿದ ಅಪರೂಪದ ಚಳವಳಿ ಇದು. ಪೀಪಾಯಿಯ ಏಲು ಇಂದು ಉಳಿದಿರುವುದರಲ್ಲಿ ಅವರ ಪಾಲು ದೊಡ್ಡದು.

ಬ್ಲಾಂಡಿನ ಕಥೆ ಈಚಿನದು. ಇಂಗ್ಲಿಷ್ ಪಬ್ಬಿನ ರೂಢಿಯ ಏಲು ತಾಮ್ರದ ಬಣ್ಣದ ‘ಬಿಟರ್’. 1980ರ ದಶಕದಲ್ಲಿ ಸಣ್ಣ ತಯಾರಕರು ತಿಳಿಬಣ್ಣದ ಮಾಲ್ಟಿನಿಂದ ಹೊಂಬಣ್ಣದ ಏಲು ತೆಗೆದರು. 1986ರ ‘ಎಕ್ಸ್‌ಮೂರ್ ಗೋಲ್ಡ್’ ಇವುಗಳಲ್ಲಿ ಮೊದಲಿಗರ ಸಾಲಿಗೆ ಸೇರಿದುದು. ಲಾಗರಿಗೆ ಒಗ್ಗಿದ ತರುಣರನ್ನು ಮತ್ತೆ ಪೀಪಾಯಿಯ ಕಡೆಗೆ ಸೆಳೆಯುವುದು ಅವರ ಆಶಯವಾಗಿತ್ತು. ಬ್ಲಾಂಡ್ ಇದೇ ವಂಶದ್ದು.

ನಾನು ಅದನ್ನು ಸವಿದದ್ದು 2018ರ ಬೇಸಗೆಯಲ್ಲಿ, ಯಾರ್ಕ್‌ಶೈರಿನ ಶಿಪ್ಲಿ ಎಂಬ ಊರಿನಲ್ಲಿ. ಲೀಡ್ಸಿನಲ್ಲಿದ್ದ ಮಗಳು ಪಕ್ಕದ ಸಾಲ್ಟೇರನ್ನು ತೋರಿಸಲು ಕರೆದೊಯ್ದಿದ್ದಳು. ಟೈಟಸ್ ಸಾಲ್ಟ್ ಎಂಬ ಉಣ್ಣೆ ಗಿರಣಿಯ ಒಡೆಯ ಏರ್ ನದಿಯ ದಂಡೆಯಲ್ಲಿ 1853ರಲ್ಲಿ ಗಿರಣಿ ತೆರೆದು, ಕಾರ್ಮಿಕರಿಗಾಗಿ ಊರನ್ನೇ ಕಟ್ಟಿಸಿದ. ತನ್ನ ಹೆಸರನ್ನೂ ನದಿಯ ಹೆಸರನ್ನೂ ಸಂಧಿ ಮಾಡಿ ಊರಿಗಿಟ್ಟ. ಮನೆ, ಶಾಲೆ, ಆಸ್ಪತ್ರೆ, ಚರ್ಚು ಎಲ್ಲವನ್ನೂ ಕೊಟ್ಟವನು ಪಬ್ಬಿಗೆ ಮಾತ್ರ ಅನುಮತಿ ಕೊಡಲಿಲ್ಲ. 2001ರಲ್ಲಿ ಯುನೆಸ್ಕೊ ಈ ಊರನ್ನು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. 2006ರಲ್ಲಿ ಶಿಪ್ಲಿಯಲ್ಲಿ ಹುಟ್ಟಿದ ಬ್ರೂವರಿಯೊಂದು ಅದೇ ಹೆಸರನ್ನು ಹೊತ್ತು ‘ಸಾಲ್ಟೇರ್ ಬ್ಲಾಂಡ್’ ತಯಾರಿಸಿತು. ಪಾನವನ್ನು ಹೊರಗಿಟ್ಟವನ ಹೆಸರೇ ಪಾನೀಯಕ್ಕೆ ಅಂಟಿಕೊಂಡಿತು!

ಪಬ್ಬಿನ ಯಜಮಾನ ಕೈಪಂಪಿನ ಹಿಡಿಯನ್ನು ನೀಳವಾಗಿ ಎಳೆದು ಅರ್ಧ ಪೈಂಟ್ ತುಂಬಿಕೊಟ್ಟ. ಉತ್ತರ ಇಂಗ್ಲೆಂಡಿನ ರೂಢಿಯಂತೆ ಕೊಳವೆಯ ತುದಿಯಲ್ಲಿ ಸಣ್ಣ ತೂತುಗಳ ಮೂತಿಯಿತ್ತು. ಅದರಿಂದ ಮೇಲೆ ಕೆನೆಯಂಥ ನೊರೆ ನಿಂತಿತು. ಕೆಳಗೆ ಒಣಹುಲ್ಲಿನ ಬಣ್ಣದ ತಿಳಿ. ಮೂಗಿಗೆ ಮೊದಲು ಬಂದದ್ದು ಹೊಸ ಬ್ರೆಡ್ಡಿನ ವಾಸನೆ, ಹಿಂದೆಯೇ ನಿಂಬೆಸಿಪ್ಪೆಯ ಸುಳಿವು. ನಾಲಗೆಯ ಮೇಲೆ ಅದು ಚುಚ್ಚದೆ ಹರಡಿತು. ಜೇನನ್ನು ನೆನಪಿಸುವ ತೆಳುಸಿಹಿ ಮುಗಿಯುತ್ತಿದ್ದಂತೆ ಕಹಿ ಮೂಡಿತು. ಹಾಗಲಕಾಯಿಯ ಕಹಿಗೆ ಹೋಲಿಸುವಂಥದಲ್ಲ. ಹದವಾಗಿ ಹುರಿದ ಮೆಂತ್ಯದ ಕಹಿಯಂತೆ, ಮತ್ತೊಂದು ಗುಟುಕನ್ನು ಬಯಸುವಂಥದು. ಮದ್ಯಸಾರ ಶೇಕಡ 4 ಮಾತ್ರ. ಇಷ್ಟು ತೆಳುವಾದ ಪಾನೀಯದಲ್ಲಿ ದೋಷವನ್ನು ಮುಚ್ಚಿಡಲು ಎಡೆಯಿಲ್ಲ. ಕಪ್ಪು ಬಣ್ಣದ, ಹುರಿದ ಮಾಲ್ಟಿನ ಬೀರಿನಲ್ಲಿ ಮರೆಯಾಗಬಹುದಾದ ಕೊಳೆ ಕೊಳವೆಯ ವಾಸನೆ ಇಲ್ಲಿ ಕೂಡಲೇ ಬಯಲಾಗುತ್ತದೆ. ಬ್ಲಾಂಡ್ ಚೆನ್ನಾಗಿದ್ದರೆ ನೆಲಮಾಳಿಗೆ ಚೆನ್ನಾಗಿದೆ ಎಂದೇ ಅರ್ಥ.

ಈ ಪಾನೀಯಕ್ಕೆ ಜನ ಎಷ್ಟು ಮುಖ್ಯವೆಂಬುದು 2020ರ ಮಾರ್ಚಿನಲ್ಲಿ ಕಣ್ಣಿಗೆ ಹೊಡೆದಂತೆ ಕಂಡಿತು. ಸಾಂಕ್ರಾಮಿಕದಿಂದಾಗಿ ಪಬ್ಬುಗಳ ಬಾಗಿಲು ಹಾಕಿಸಿದಾಗ, ನೆಲಮಾಳಿಗೆಗಳಲ್ಲಿದ್ದ ಅಪಾರ ಏಲನ್ನು ಚೆಲ್ಲಬೇಕಾಯಿತು. ಆ ಮೇಲೆ ತೆರೆದ ಪಬ್ಬುಗಳಲ್ಲಿಯೂ ಕೆಲವು, ಮೂರು ದಿನಗಳಲ್ಲಿ ಖರ್ಚಾಗುವ ಭರವಸೆಯಿಲ್ಲದೆ ಪೀಪಾಯಿಗಳ ಸಂಖ್ಯೆಯನ್ನು ಇಳಿಸಿದವು. ಕೆಡದ ಹಾಗೆ ಕಟ್ಟಿಡುವ ವಿದ್ಯೆ ಇಂದು ಎಲ್ಲರಿಗೂ ಗೊತ್ತು. ಜೀವವಿರುವುದನ್ನು ಜೀವವಿರುವಂತೆಯೇ ಉಳಿಸಬೇಕಾದರೆ ಬಳಸುವವರು ದಿನದಿನವೂ ಬರಬೇಕು. ಭಾಷೆಯ ಪಾಠ ಹೇಳಿ ಮುಪ್ಪಾದ ನನಗೆ ಈ ಮಾತು ಏಲಿಗಷ್ಟೇ ಸಲ್ಲುವಂತೆ ತೋರಲಿಲ್ಲ.

ಆ ನಾಡಿಗೆ ಹೋಗುವ ಕೇಳುಗರಿಗೆ ಒಂದು ಸೂಚನೆ. ಪಂಪುಗಳ ಮೇಲಿನ ಅಂದವಾದ ಬಿಲ್ಲೆಗಳನ್ನು ನೋಡಿ ಆರಿಸಬೇಡಿ. ಇಂದು ಯಾವ ಪೀಪಾಯಿ ಬೇಗ ಖಾಲಿಯಾಗುತ್ತಿದೆ ಎಂದು ಯಜಮಾನನನ್ನು ಕೇಳಿ. ಕೊಳ್ಳುವ ಮುನ್ನ ಒಂದು ಗುಟುಕು ರುಚಿ ನೋಡಲು ಕೊಡುವ ಸಂಪ್ರದಾಯವೂ ಅಲ್ಲಿ ಉಂಟು. ಕುಡಿಯದವರು ಸುಮ್ಮನೆ ನಿಂತು ಆ ಹಿಡಿಯ ಎಳೆತವನ್ನು ನೋಡಿದರೂ ಸಾಕು. ಕೆಳಗಿನ ಕತ್ತಲಲ್ಲಿ ಆತ ಎರಡು ದಿನ ಕಾದು ಪಟ್ಟ ಶ್ರಮ ಅದರ ಹಿಂದಿರುತ್ತದೆ.