ಗೋವುಗಳ ನೇತ್ರರೋಗಗಳೂ ಅವುಗಳ ವ್ಯಾಪ್ತಿಯೂ

ಕನ್ನಡದಲ್ಲಿ ಪಶುವೈದ್ಯವನ್ನು ಕುರಿತ ಗ್ರಂಥರಚನೆಯು ಬಹು ಪ್ರಾಚೀನವಾದುದು. ಚಾಳುಕ್ಯ ವಂಶದ ರಾಜಕುಮಾರನಾದ ಕೀರ್ತಿವರ್ಮನು ಸುಮಾರು 1125ರಲ್ಲಿ ರಚಿಸಿದ ‘ಗೋವೈದ್ಯ’ದಲ್ಲಿ ಔಷಧಗಳೊಡನೆ ಮಂತ್ರಪ್ರಯೋಗವೂ ಬೆರೆತಿದೆ. ಸಾಹಿತ್ಯಚರಿತ್ರೆಯನ್ನು ಬೋಧಿಸುವವರು ಇದರ ಹೆಸರನ್ನು ಮಾತ್ರ ಹೇಳಿ ಮುಂದೆ ಸಾಗುವುದು ವಾಡಿಕೆ. ಆದರೆ ಗೋವುಗಳ ರೋಗಗಳಾದರೋ ಇಂದಿಗೂ ಕೊಟ್ಟಿಗೆಗಳನ್ನು ಬಿಟ್ಟುಹೋಗಿಲ್ಲ. ಅವುಗಳಲ್ಲಿ ಕಣ್ಣಿನ ಬೇನೆಗಳು ರೈತನಿಗೆ ಚಿರಪರಿಚಿತವಾದುವು.

ಇವು ಎಷ್ಟು ಸಾಮಾನ್ಯವೆಂದು ಎಣಿಸಹೊರಟರೆ ಮೊದಲು ಅಡ್ಡಬರುವುದು ಹೆಸರುಗಳ ತೊಡಕು. ಕರಿಯ ಗುಡ್ಡೆಯ ಮೇಲೆ ಬಿಳಿಯ ಕಲೆ ಮೂಡಿದರೆ ‘ಹೂ ಬಿತ್ತು’ ಎನ್ನುವರು. ಒಳಗಿನ ಮಣಿಯು ಮಸುಳಿದರೆ ‘ಪೊರೆ ಬಂತು’ ಎನ್ನಬೇಕು. ಆದರೆ ಬಳಕೆಯಲ್ಲಿ ಎರಡನೆಯ ಮಾತು ಎರಡಕ್ಕೂ ಸಲ್ಲುತ್ತದೆ. ಸುಶ್ರುತನು ಮನುಷ್ಯರ ನೇತ್ರರೋಗಗಳನ್ನು 76 ಎಂದು ಎಣಿಸಿದಾಗ, ಕೃಷ್ಣಮಂಡಲದ ‘ಶುಕ್ರ’ವನ್ನು ದೃಷ್ಟಿಗತವಾದ ‘ತಿಮಿರ’ದಿಂದ ಬೇರೆಯಾಗಿಯೇ ಇರಿಸಿದನು, ಶುಕ್ರದಲ್ಲಿಯೂ ವ್ರಣವುಳ್ಳದ್ದು, ವ್ರಣವಿಲ್ಲದ್ದು ಎಂಬ ಭೇದವನ್ನು ಕಂಡನು. ನೇತ್ರರೋಗಗಳು ಪ್ರಾಯಶಃ ಅಭಿಷ್ಯಂದದಿಂದ, ಎಂದರೆ ಕಣ್ಣು ಕೆಂಪೇರಿ ನೀರು ಸುರಿಯುವ ವಿಕಾರದಿಂದ, ಹುಟ್ಟುವುವೆಂಬ ಅವನ ಅಭಿಪ್ರಾಯವು ದನಗಳ ವಿಷಯದಲ್ಲಿಯೂ ಬಹುಮಟ್ಟಿಗೆ ಒಪ್ಪುತ್ತದೆ. ನೀರು ಸುರಿಯುವಾಗ ಯಾರೂ ವೈದ್ಯನನ್ನು ಅರಸುವುದಿಲ್ಲ. ಹೂ ಬಿದ್ದ ಮೇಲೆ ಅರಸುತ್ತಾರೆ. ಆದುದರಿಂದ ಚಿಕಿತ್ಸಾಲಯದ ಲೆಕ್ಕವು ನಿಜವಾದ ವ್ಯಾಪ್ತಿಗಿಂತ ಯಾವಾಗಲೂ ಕಡಮೆಯಾಗಿಯೇ ಇರುವುದು ಸಹಜ.

ಪ್ರಪಂಚದಲ್ಲೆಲ್ಲ ದನಗಳಿಗೆ ಅತಿ ಸಾಮಾನ್ಯವಾದುದು ಅಂಟುಜಾಡ್ಯದ ಕಣ್ಣುಬೇನೆ. ಮೊರಾಕ್ಸೆಲ್ಲಾ ಬೋವಿಸ್ ಎಂಬ ಸೂಕ್ಷ್ಮಾಣುವು ಇದಕ್ಕೆ ಮುಖ್ಯ ಕಾರಣ. ಕಣ್ಣೀರನ್ನು ಹೀರಲು ಬರುವ ನೊಣಗಳು ಇದನ್ನು ಒಂದು ದನದಿಂದ ಮತ್ತೊಂದಕ್ಕೆ ಒಯ್ಯುತ್ತವೆ; ಧೂಳು, ಒಣಹುಲ್ಲಿನ ಮೊನೆ, ತೀಕ್ಷ್ಣವಾದ ಬಿಸಿಲು ಇವು ಕಣ್ಣನ್ನು ಮೊದಲೇ ಕೆರಳಿಸಿ ಅದಕ್ಕೆ ದಾರಿಮಾಡಿಕೊಡುತ್ತವೆ. ಎಳೆಯ ಕರುಗಳು ಹಳೆಯ ದನಗಳಿಗಿಂತ ಹೆಚ್ಚಾಗಿ ಇದಕ್ಕೆ ಗುರಿಯಾಗುವುವು. ಬಹುಪಾಲು ಕಣ್ಣುಗಳು ಕೆಲವು ವಾರಗಳಲ್ಲಿ ತಾವಾಗಿಯೇ ಗುಣಹೊಂದುತ್ತವೆ. ಹುಣ್ಣು ಆಳವಾದರೆ ಮಾತ್ರ ಕಲೆ ಉಳಿಯುತ್ತದೆ, ಗುಡ್ಡೆಯೇ ಒಡೆಯುವುದೂ ಉಂಟು. ತಾನಾಗಿ ಗುಣವಾಗುವ ಈ ಸ್ವಭಾವವೇ ಅನೇಕ ಅಪಾಯಕರ ಮದ್ದುಗಳಿಗೆ ಕೀರ್ತಿಯನ್ನು ತಂದುಕೊಟ್ಟಿತು. ಉಪ್ಪನ್ನೋ ಹೊಗೆಸೊಪ್ಪಿನ ರಸವನ್ನೋ ಕಣ್ಣಿಗೆ ಹಾಕಿದವನು, ವಾಸಿಯಾದಾಗ ಮದ್ದನ್ನು ಹೊಗಳುತ್ತಾನೆ. ಕುರುಡಾದಾಗ ದೈವವನ್ನು ದೂರುತ್ತಾನೆ.

ನೊಣವು ತರುವ ಇನ್ನೊಂದು ಕೇಡು ಕಣ್ಣಿನ ಹುಳು. ಥೆಲೇಜಿಯಾ ಎಂಬ, ಒಂದೆರಡು ಸೆಂಟಿಮೀಟರು ಉದ್ದದ ನೂಲಿನಂತಹ ಬಿಳಿಯ ಕ್ರಿಮಿಗಳು ಮೂರನೆಯ ರೆಪ್ಪೆಯ ಹಿಂದೆ ಅಡಗಿರುತ್ತವೆ. ಅವುಗಳ ಮೈ ಒರಟಾದುದರಿಂದ ಹರಿದಾಡಿದಂತೆಲ್ಲ ಕಣ್ಣು ಉಜ್ಜಿಹೋಗುವುದು. ರೆಪ್ಪೆಯನ್ನೆತ್ತಿ ನೋಡದವನು ಇದನ್ನೂ ಅಂಟುಬೇನೆಯೆಂದೇ ತಿಳಿಯುವನು.

ಬರಗಾಲದ ಬೇನೆಯು ಬೇರೆಯ ಬಗೆಯದು. ಎ ಜೀವಸತ್ತ್ವದ ಮೂಲವು ಹಸುರುಹುಲ್ಲಿನಲ್ಲಿದೆ. ಬಿಳಿಚಿದ ಒಣಹುಲ್ಲಿನಲ್ಲಿ ಅದು ಇಲ್ಲವೆಂದೇ ಹೇಳಬೇಕು. ಯಕೃತ್ತಿನಲ್ಲಿ ಕೂಡಿಟ್ಟುದು ಕೆಲವು ತಿಂಗಳುಗಳಲ್ಲಿ ತೀರಿದ ಬಳಿಕ ದನವು ಸಂಜೆಯಲ್ಲಿ ಮುಗ್ಗರಿಸತೊಡಗುತ್ತದೆ. ಇದೇ ನಕ್ತಾಂಧ್ಯ, ದೇಶಿಯಲ್ಲಿ ಇರುಳುಗಣ್ಣು. ಗಬ್ಬದಲ್ಲಿ ಈ ಕೊರತೆಯುಂಟಾದರೆ ಕರುವು ಹುಟ್ಟುಗುರುಡಾಗುವುದೂ ಇದೆ. ಹಗಲಿನಲ್ಲಿ ಕಣ್ಣು ನಿರ್ಮಲವಾಗಿಯೇ ಕಾಣುವುದರಿಂದ ಬೇನೆಯನ್ನು ಗುರುತಿಸುವವರು ಅಪೂರ್ವ.

ರೆಪ್ಪೆಯ ಅರ್ಬುದವು ವರ್ಣವನ್ನು ಅನುಸರಿಸುವುದು. ಬಿಳಿಮುಖದ ಹೆರಿಫರ್ಡ್ ತಳಿಯಲ್ಲಿ ಅದು ಪ್ರಸಿದ್ಧವಾಗಿದೆ. ಕಾಡಿಗೆ ತೀಡಿದಂತೆ ರೆಪ್ಪೆಯಂಚು ಕಪ್ಪಾಗಿರುವ ದನಗಳಿಗೆ ಆ ಬಣ್ಣವೇ ಬಿಸಿಲಿನಿಂದ ರಕ್ಷೆ. ನಮ್ಮ ಹಳ್ಳಿಕಾರ್, ಅಮೃತಮಹಲ್ ದನಗಳು ಈ ವಿಷಯದಲ್ಲಿ ಭಾಗ್ಯಶಾಲಿಗಳು.

ಒಂದು ಕಣ್ಣು ಹೋದ ಎತ್ತು ಆ ಮಗ್ಗುಲಿನಿಂದ ಬರುವುದನ್ನು ಕಾಣದೆ ನೊಗದಲ್ಲಿ ಬೆದರುತ್ತದೆ. ಜಾತ್ರೆಯಲ್ಲಿ ಅದರ ಬೆಲೆ ಇಳಿದು, ಜೋಡಿಯ ಮತ್ತೊಂದೆತ್ತಿನ ಬೆಲೆಯನ್ನೂ ತನ್ನೊಡನೆ ಇಳಿಸುತ್ತದೆ.