ಹಳೆಯ ಕ್ರೀಡಾ ಮಾದರಿ ಕಾರುಗಳ ಸ್ವಯಂ ನಿರ್ವಹಣೆ, ಮಾರ್ಪಾಡು ಮತ್ತು ನೋಂದಣಿ ನವೀಕರಣ: ಮಾಲೀಕರ ಮಾಹಿತಿಗಾಗಿ

ಹದಿನೈದು ವರ್ಷ ಮೀರಿದ ಖಾಸಗಿ ಕಾರುಗಳ ನೋಂದಣಿ ನವೀಕರಣಕ್ಕೆ ಅರ್ಜಿ ಸಲ್ಲಿಸುವವರಲ್ಲಿ ತಮ್ಮ ವಾಹನವನ್ನು ತಾವೇ ಬಿಚ್ಚಿ, ಸರಿಪಡಿಸಿ, ಜೋಡಿಸುವ ಹವ್ಯಾಸವುಳ್ಳ ಮಾಲೀಕರೂ ಇದ್ದಾರೆ. ಸ್ವಂತ ವಾಹನವನ್ನು ಸ್ವಂತ ಕೈಯಿಂದ ನಿರ್ವಹಿಸುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ಆದರೆ ನಿರ್ವಹಣೆ ಎಲ್ಲಿಗೆ ಮುಗಿಯುತ್ತದೆ, ಮಾರ್ಪಾಡು ಎಲ್ಲಿಂದ ಆರಂಭವಾಗುತ್ತದೆ ಎಂಬುದರ ಅರಿವಿಲ್ಲದೆ ಕೆಲಸ ಕೈಗೊಂಡಲ್ಲಿ, ವರ್ಷಗಟ್ಟಲೆ ಶ್ರಮಿಸಿ ಉಳಿಸಿಕೊಂಡ ವಾಹನವು ತಪಾಸಣೆಯ ದಿನ ತಿರಸ್ಕೃತವಾಗುವ ಸಂಭವವಿದೆ. ಆದುದರಿಂದ ಈ ಮಾಹಿತಿಯನ್ನು ಒದಗಿಸಲಾಗಿದೆ.

ಬೆಂಗಳೂರಿಗೆ ಸಂಬಂಧಿಸಿದಂತೆ ಒಂದು ವಾಹನವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬೆಂಗಳೂರಿನ ನಂಟುಳ್ಳ ಸ್ಯಾನ್ ಮೋಟಾರ್ಸ್ ಸಂಸ್ಥೆಯು 1998ರಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಎರಡು ಆಸನಗಳ, ತೆರೆದ ಮೇಲ್ಛಾವಣಿಯ ಕಾರನ್ನು ಹೊರತಂದಿತು. ಗೋವಾದಲ್ಲಿ ತಯಾರಾಗುತ್ತಿದ್ದ ಈ ಕಾರಿಗೆ ಫೈಬರ್ ಗ್ಲಾಸ್ ಹೊರಮೈ, ರೆನೋ ಸಂಸ್ಥೆಯ 1,149 ಸಿ.ಸಿ. ಪೆಟ್ರೋಲ್ ಎಂಜಿನ್ ಇತ್ತು. ಎಂಜಿನ್ ಶಕ್ತಿ ಸುಮಾರು 60 ಅಶ್ವಶಕ್ತಿ ಮಾತ್ರ. ಆದರೂ ಆ ದಿನಗಳಲ್ಲಿ ರಸ್ತೆಯಲ್ಲಿ ಕಂಡವರು ತಿರುಗಿ ನೋಡುತ್ತಿದ್ದ ವಾಹನವದು. ಇಂದು ಅದರ ತಯಾರಿಕೆ ಇಲ್ಲ. ಕಂಪನಿಯ ಸೇವಾ ಕೇಂದ್ರವೂ ಇಲ್ಲ. ಹೀಗಿರುವಾಗ ಇಂತಹ ವಾಹನವನ್ನು ಉಳಿಸಿಕೊಳ್ಳುವ ಹೊಣೆ ಮಾಲೀಕರದೇ ಆಗುತ್ತದೆ. ಬಿಡಿಭಾಗಗಳಿಗಾಗಿ ಜೆ.ಸಿ. ರಸ್ತೆಯ ಅಂಗಡಿಗಳನ್ನು, ಶಿವಾಜಿನಗರದ ಗುಜರಿಯನ್ನು ಸುತ್ತುವುದು, ಸಿಗದಿದ್ದಲ್ಲಿ ಹೊರದೇಶದಿಂದ ತರಿಸುವುದು ಅನಿವಾರ್ಯ. ಹಳೆಯ ಸ್ಟ್ಯಾಂಡರ್ಡ್ ಹೆರಾಲ್ಡ್, ಪ್ರೀಮಿಯರ್ ಪದ್ಮಿನಿ ಮುಂತಾದ ಕಾರುಗಳ ಮಾಲೀಕರಿಗೂ ಕೆಳಗಿನ ವಿಷಯಗಳು ಅನ್ವಯಿಸುತ್ತವೆ.

ಅವಧಿಯ ಲೆಕ್ಕ

ಖಾಸಗಿ ವಾಹನದ ನೋಂದಣಿ ಪ್ರಮಾಣಪತ್ರವು 15 ವರ್ಷಗಳವರೆಗೆ ಊರ್ಜಿತವಿರುತ್ತದೆ. ತದನಂತರ ತಪಾಸಣೆಗೆ ಒಳಪಟ್ಟು ಐದು ವರ್ಷಗಳಂತೆ ನವೀಕರಿಸಿಕೊಳ್ಳಬೇಕಾಗುತ್ತದೆ. ದೆಹಲಿ ಪ್ರದೇಶದಲ್ಲಿ ಹಳೆಯ ವಾಹನಗಳಿಗೆ ವಿಧಿಸಲಾದ ವಯೋಮಿತಿಯ ಸುದ್ದಿಯನ್ನು ಓದಿ, ಇಲ್ಲಿಯೂ ಹದಿನೈದು ವರ್ಷಕ್ಕೆ ಕಾರನ್ನು ಗುಜರಿಗೆ ಹಾಕಲೇಬೇಕೆಂದು ಕೆಲವರು ಭಾವಿಸಿದ್ದಾರೆ. ಕರ್ನಾಟಕದಲ್ಲಿ ಖಾಸಗಿ ವಾಹನಗಳಿಗೆ ಅಂತಹ ನಿರ್ಬಂಧವಿಲ್ಲ. ತಪಾಸಣೆಯಲ್ಲಿ ಅರ್ಹವೆಂದು ಕಂಡುಬಂದಲ್ಲಿ ನವೀಕರಣ ದೊರೆಯುತ್ತದೆ.

ಉದಾಹರಣೆಗೆ, ಕುಮಾರಸ್ವಾಮಿ ಲೇಔಟ್‌ನ ನಿವಾಸಿಯೊಬ್ಬರ ಕಾರು ಕೆಎ-05 ಶ್ರೇಣಿಯಲ್ಲಿ 12-06-2002ರಂದು ನೋಂದಣಿಯಾಗಿದೆ ಎಂದು ಇಟ್ಟುಕೊಳ್ಳೋಣ. ಮೊದಲ ಅವಧಿ 11-06-2017ಕ್ಕೆ, ಮೊದಲ ನವೀಕರಣ 11-06-2022ಕ್ಕೆ, ಎರಡನೆಯದು 11-06-2027ಕ್ಕೆ ಮುಕ್ತಾಯವಾಗುತ್ತದೆ. ಮೂರನೆಯ ನವೀಕರಣಕ್ಕೆ ನಮೂನೆ 25ರಲ್ಲಿ 12-04-2027ರಿಂದ, ಅಂದರೆ ಅವಧಿ ಮುಗಿಯುವ 60 ದಿನಗಳ ಮುಂಚಿನಿಂದ, ಅರ್ಜಿ ಸಲ್ಲಿಸಬಹುದು. ಇಪ್ಪತ್ತು ವರ್ಷ ಮೀರಿದ ಲಘು ಮೋಟಾರು ವಾಹನಗಳ ನವೀಕರಣ ಶುಲ್ಕವನ್ನು ಆಗಸ್ಟ್ 2025ರ ಕೇಂದ್ರ ತಿದ್ದುಪಡಿ ನಿಯಮಗಳ ಮೂಲಕ 5,000 ರೂಪಾಯಿಯಿಂದ 10,000 ರೂಪಾಯಿಗೆ ಏರಿಸಲಾಗಿದೆ. ಆಮದು ಮಾಡಿಕೊಂಡ ಕಾರಾದಲ್ಲಿ ಇದು 80,000 ರೂಪಾಯಿ. ಹಸಿರು ತೆರಿಗೆಯನ್ನು ಪ್ರತ್ಯೇಕವಾಗಿ ಪಾವತಿಸಬೇಕು. ಅರ್ಜಿ ವಿಳಂಬವಾದಲ್ಲಿ ಕಾರುಗಳಿಗೆ ಪ್ರತಿ ತಿಂಗಳಿಗೆ ಅಥವಾ ಅದರ ಭಾಗಕ್ಕೆ 500 ರೂಪಾಯಿ ಹೆಚ್ಚುವರಿ ಶುಲ್ಕವಿದೆ. ಎಂಜಿನ್ ಕೆಲಸ ಮುಗಿದಿಲ್ಲವೆಂದು 14 ತಿಂಗಳು ತಡಮಾಡಿದವರು 7,000 ರೂಪಾಯಿ ಹೆಚ್ಚು ತೆರಬೇಕಾಗುತ್ತದೆ. ಆ ಹಣದಲ್ಲಿ ಬ್ರೇಕ್ ಭಾಗಗಳನ್ನು ಹೊಸದಾಗಿ ಹಾಕಿಸಬಹುದಿತ್ತು.

ಹಣಕ್ಕಿಂತ ದೊಡ್ಡ ತೊಡಕು ಬೇರೊಂದಿದೆ. ನವೀಕರಣಕ್ಕೆ ವಾಹನವನ್ನು ತಪಾಸಣೆಗೆ ಹಾಜರುಪಡಿಸಬೇಕು. ಅವಧಿ ಮೀರಿದ ನೋಂದಣಿಯ ವಾಹನವನ್ನು ಸಾರ್ವಜನಿಕ ರಸ್ತೆಯಲ್ಲಿ ಚಲಾಯಿಸುವಂತಿಲ್ಲ. ಆ ಸ್ಥಿತಿಯಲ್ಲಿ ಅಪಘಾತ ಸಂಭವಿಸಿದರೆ ವಿಮಾ ಕಂಪನಿಯೊಡನೆ ತಕರಾರು ಏಳುವುದು ಬಹುತೇಕ ಖಚಿತ. ಆದುದರಿಂದ ದೀರ್ಘಕಾಲ ಹಿಡಿಯುವ ಪುನಶ್ಚೇತನ ಕಾರ್ಯವನ್ನು ನವೀಕರಣದ ನಂತರ ಕೈಗೆತ್ತಿಕೊಳ್ಳುವುದು ವಿವೇಕಯುತ. ಅವಧಿ ಮುಗಿಯಲು ಆರು ತಿಂಗಳಿರುವಾಗ ಎಂಜಿನ್ ಇಳಿಸುವುದು ಸೂಕ್ತವಲ್ಲ.

ಚಾಸಿ ಸಂಖ್ಯೆಯ ರಕ್ಷಣೆ

ಸ್ವಯಂ ದುರಸ್ತಿ ಮಾಡುವ ಮಾಲೀಕರು ಎಲ್ಲಕ್ಕಿಂತ ಹೆಚ್ಚಾಗಿ ಗಮನಿಸಬೇಕಾದ ವಿಷಯವಿದು. ಫೈಬರ್ ಹೊರಮೈಯ ಕಾರುಗಳಲ್ಲಿ ಹೊರಗಡೆ ತುಕ್ಕು ಕಾಣಿಸುವುದಿಲ್ಲ; ಆದರೆ ಒಳಗಿನ ಉಕ್ಕಿನ ಚೌಕಟ್ಟು ಮಳೆಗಾಲದ ತೇವಕ್ಕೆ ಸದ್ದಿಲ್ಲದೆ ಸವೆಯುತ್ತಿರುತ್ತದೆ. ಇದನ್ನು ಕಂಡ ಮಾಲೀಕರು ಗ್ರೈಂಡರ್ ಹಿಡಿದು ತುಕ್ಕು ತೆಗೆದು ಬಣ್ಣ ಬಳಿಯುತ್ತಾರೆ. ಆ ಭರದಲ್ಲಿ ಚೌಕಟ್ಟಿನ ಮೇಲೆ ಅಚ್ಚೊತ್ತಿದ ಚಾಸಿ ಸಂಖ್ಯೆಯ ಒಂದೆರಡು ಅಂಕಿಗಳು ಸವೆದುಹೋದಲ್ಲಿ ವಾಹನವು ತನ್ನ ಗುರುತನ್ನೇ ಕಳೆದುಕೊಂಡಂತೆ. ತಪಾಸಣೆಯ ವೇಳೆ ಮೋಟಾರು ವಾಹನ ನಿರೀಕ್ಷಕರು ಈ ಸಂಖ್ಯೆಯನ್ನು ಪ್ರಮಾಣಪತ್ರದೊಡನೆ ತಾಳೆ ನೋಡುತ್ತಾರೆ. ಪೆನ್ಸಿಲ್ ಉಜ್ಜಿ ತೆಗೆದ ಪ್ರತಿಯು ಅರ್ಜಿಯ ಭಾಗವಾಗಿರುತ್ತದೆ. ಸಂಖ್ಯೆ ಓದಲಾಗದ ವಾಹನವು ಕಳವಿನ ವಾಹನವೇ ಎಂಬ ಅನುಮಾನಕ್ಕೆ ಎಡೆಮಾಡುತ್ತದೆ. ಮಾಲೀಕರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಅಂಕಿಗಳು ಮರಳಿ ಬರುವುದಿಲ್ಲ.

ಕೆಲಸ ಆರಂಭಿಸುವ ಮುನ್ನ ಚಾಸಿ ಹಾಗೂ ಎಂಜಿನ್ ಸಂಖ್ಯೆಗಳ ಸ್ಪಷ್ಟ ಛಾಯಾಚಿತ್ರ ಮತ್ತು ಪೆನ್ಸಿಲ್ ಪ್ರತಿಯನ್ನು ದಿನಾಂಕಸಹಿತ ಇಟ್ಟುಕೊಳ್ಳತಕ್ಕದ್ದು. ಆ ಭಾಗಕ್ಕೆ ಗ್ರೈಂಡರ್ ತಾಗಿಸದೆ, ತಂತಿ ಬ್ರಷ್ಷನ್ನು ಹಗುರವಾಗಿ ಆಡಿಸಿ, ತೆಳುವಾದ ಪಾರದರ್ಶಕ ಲೇಪನ ಅಥವಾ ಗ್ರೀಸ್ ಹಚ್ಚಿದರೆ ಸಾಕು. ದಪ್ಪ ಬಣ್ಣವೂ ಅಂಕಿಗಳನ್ನು ಮುಚ್ಚುತ್ತದೆ. ಈ ಕೆಲಸವನ್ನು ಗ್ಯಾರೇಜಿನವರಿಗೆ ವಹಿಸಿದಾಗಲೂ ಸಂಖ್ಯೆ ಇರುವ ಜಾಗವನ್ನು ತೋರಿಸಿ ಹೇಳಬೇಕು.

ಮನೆಯಲ್ಲಿ ಮಾಡಬಹುದಾದ ಕೆಲಸ

ಕುಮಾರಸ್ವಾಮಿ ಲೇಔಟ್‌ನ ಹಲವು ರಸ್ತೆಗಳು ಏರಿಳಿತದಿಂದ ಕೂಡಿವೆ. 30×40 ನಿವೇಶನದ ಮನೆಯ ಮುಂದೆ ಕಾರು ನಿಲ್ಲುವಷ್ಟೇ ಜಾಗವಿರುತ್ತದೆ. ಗೇಟಿನ ಇಳಿಜಾರಿನ ಮೇಲೆ ಜ್ಯಾಕ್ ಕೊಟ್ಟು ಕಾರಿನ ಕೆಳಗೆ ಮಲಗುವವರನ್ನು ಕಾಣಬಹುದು. ಇದು ಪ್ರಾಣಾಪಾಯದ ಕೆಲಸ. ಜ್ಯಾಕ್ ಇರುವುದು ವಾಹನವನ್ನು ಎತ್ತಲು ಮಾತ್ರ. ಎತ್ತಿದ ವಾಹನವನ್ನು ಹೊರಲು ಆಕ್ಸಲ್ ಸ್ಟ್ಯಾಂಡ್ ಬೇಕು. ಸಮತಟ್ಟಾದ ಗಟ್ಟಿ ನೆಲದಲ್ಲಿ, ಎತ್ತದ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಮನೆಯವರೊಬ್ಬರಿಗೆ ತಿಳಿಸಿ ಕೆಲಸ ಮಾಡತಕ್ಕದ್ದು. ಚಕ್ರದ ನಟ್ಟುಗಳನ್ನು ವಾಹನ ನೆಲದ ಮೇಲಿರುವಾಗಲೇ ಸಡಿಲಿಸಬೇಕು.

ಎಂಜಿನ್ ಆಯಿಲ್, ಫಿಲ್ಟರ್, ಸ್ಪಾರ್ಕ್ ಪ್ಲಗ್, ಫ್ಯಾನ್ ಬೆಲ್ಟ್, ಬಲ್ಬುಗಳ ಬದಲಾವಣೆ ಸಾಮಾನ್ಯ ಮಾಲೀಕರ ಕೈಗೆ ಎಟುಕುವಂಥದ್ದು. ಬ್ಯಾಟರಿಯ ಸ್ಥಿತಿಯನ್ನು ಮಲ್ಟಿಮೀಟರ್‌ನಿಂದ ಅಳೆಯಬಹುದು: ಎಂಜಿನ್ ನಿಂತಿರುವಾಗ ಸುಮಾರು 12.6 ವೋಲ್ಟ್, ಚಾಲನೆಯಲ್ಲಿರುವಾಗ 13.8ರಿಂದ 14.4 ವೋಲ್ಟ್ ಇರಬೇಕು. ಟೈಮಿಂಗ್ ಬೆಲ್ಟ್ ಇರುವ ಎಂಜಿನ್‌ಗಳಲ್ಲಿ ಕಿಲೋಮೀಟರ್ ಕಡಿಮೆ ಎಂದು ನಿಶ್ಚಿಂತೆಯಿಂದ ಇರಬಾರದು. ವಾರಕ್ಕೊಮ್ಮೆ ಹೊರಬರುವ ಕಾರಿನಲ್ಲಿಯೂ ರಬ್ಬರು ವರ್ಷಗಳ ಲೆಕ್ಕದಲ್ಲಿ ಹಳತಾಗುತ್ತದೆ.

ಟೈರುಗಳ ವಿಷಯವೂ ಹಾಗೆಯೇ. ಟೈರಿನ ಪಕ್ಕದಲ್ಲಿ ಅಂಡಾಕಾರದ ಗುರುತಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 2312 ಎಂದಿದ್ದರೆ 2012ನೇ ಇಸವಿಯ 23ನೇ ವಾರದ ತಯಾರಿಕೆ ಎಂದರ್ಥ. ಮೂರೇ ಅಂಕಿಗಳಿದ್ದಲ್ಲಿ ಅದು 2000ಕ್ಕೂ ಹಿಂದಿನದು. ಗೀರು ಎಷ್ಟೇ ಆಳವಾಗಿ ಕಂಡರೂ ಬಳಸಬಾರದು. ಕಾರಿನ ಟೈರಿನ ಗೀರಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಿರುವಂತಿಲ್ಲ.

ಬ್ರೇಕ್ ದ್ರವದ ಬಗ್ಗೆ ತಿಳಿವಳಿಕೆ ಕಡಿಮೆಯಿದೆ. ಈ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವದ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇದ್ದರೆ, ತೇವ ಸೇರಿದ ದ್ರವಕ್ಕೆ ನಿಗದಿಯಾದ ಕನಿಷ್ಠ ಮಟ್ಟ 155 ಡಿಗ್ರಿ. ಘಾಟಿಯ ಇಳಿಜಾರಿನಲ್ಲಿ ಸತತವಾಗಿ ಬ್ರೇಕ್ ಒತ್ತಿದಾಗ ದ್ರವ ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ತಾಗುತ್ತದೆ, ವಾಹನ ನಿಲ್ಲುವುದಿಲ್ಲ. ವಾಹನ ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಬೇಕು. ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಲು, ಇನ್ನೊಬ್ಬರು ಬ್ಲೀಡರ್ ಸ್ಕ್ರೂ ತೆರೆಯಲು. ಮೊದಲ ಬಾರಿ ಮಾಡುವವರು ಅನುಭವಿ ಮೆಕ್ಯಾನಿಕ್ ಒಬ್ಬರನ್ನು ಜೊತೆಗಿಟ್ಟುಕೊಳ್ಳುವುದು ಉತ್ತಮ. ಬ್ರೇಕ್ ಕೆಲಸದ ತಪ್ಪಿಗೆ ಬೆಲೆ ತೆರುವವರು ಮಾಲೀಕರಷ್ಟೇ ಅಲ್ಲ, ರಸ್ತೆ ದಾಟುತ್ತಿರುವ ಪಾದಚಾರಿಗಳೂ ಹೌದು.

ಶೇಕಡ 20 ಎಥೆನಾಲ್ ಮಿಶ್ರಿತ ಪೆಟ್ರೋಲ್ ಬಳಕೆಗೆ ಬಂದ ಮೇಲೆ ಹಳೆಯ ಕಾರುಗಳ ಇಂಧನ ಕೊಳವೆಗಳು ವಿಶೇಷ ಗಮನ ಬೇಡುತ್ತವೆ. ಹಳೆಯ ಕೆಲವು ವಾಹನಗಳಲ್ಲಿ 20,000ದಿಂದ 30,000 ಕಿಲೋಮೀಟರ್ ಬಳಕೆಯ ನಂತರ ಕೆಲವು ರಬ್ಬರ್ ಭಾಗ ಮತ್ತು ಗ್ಯಾಸ್ಕೆಟ್‌ಗಳ ಬದಲಾವಣೆ ಬೇಕಾಗಬಹುದೆಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯವು 2025ರಲ್ಲಿ ತಿಳಿಸಿದೆ. ಇಪ್ಪತ್ತು ವರ್ಷದ ಹಳೆಯ ಕೊಳವೆಯಾದರೆ ಅಷ್ಟು ದೂರ ಕಾಯಬೇಕಾಗಿಲ್ಲ. ಬೆರಳಲ್ಲಿ ಬಗ್ಗಿಸಿದಾಗ ಬಿರುಕು ಕಂಡರೆ, ಒತ್ತಿದಾಗ ಮೆತ್ತಗಾಗಿ ಅಂಟಿದರೆ ಎಥೆನಾಲ್ ತಾಳಿಕೆಯ ಕೊಳವೆಯನ್ನೇ ಕೇಳಿ ಪಡೆದು ಬದಲಿಸಬೇಕು. ಬಿಸಿ ಎಂಜಿನ್ನಿನ ಮೇಲೆ ಸೋರುವ ಪೆಟ್ರೋಲ್ ಕಾರಿಗೆ ಬೆಂಕಿ ಹೊತ್ತಿಸಬಲ್ಲದು. ಫೈಬರ್ ಹೊರಮೈ ಬಲುಬೇಗ ಉರಿಯುತ್ತದೆ. ಬೆಂಕಿ ನಂದಿಸುವ ಚಿಕ್ಕ ಸಾಧನವೊಂದು ಆಸನದ ಬಳಿ ಇರಲಿ.

ಬಳಸಿದ ಆಯಿಲ್ಲನ್ನು ಚರಂಡಿಗೆ ಸುರಿಯುವಂತಿಲ್ಲ. ಅದು ಅಪಾಯಕಾರಿ ತ್ಯಾಜ್ಯ. ಮುಚ್ಚಳವಿರುವ ಕ್ಯಾನಿನಲ್ಲಿ ಸಂಗ್ರಹಿಸಿ, ಅಧಿಕೃತ ಮರುಬಳಕೆದಾರರಿಗೆ ನೀಡುವ ಗ್ಯಾರೇಜಿಗೆ ಒಪ್ಪಿಸಬೇಕು.

ಮಾರ್ಪಾಡು: ಯಾವುದಕ್ಕೆ ಅವಕಾಶವಿದೆ

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52ರ ಪ್ರಕಾರ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ ಕಲಂ 182ಎ ಅನ್ವಯ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಪ್ರತಿಯೊಂದು ಎಂಬ ಪದವನ್ನು ಗಮನಿಸಬೇಕು. ಎಂಜಿನ್, ಛಾವಣಿ, ಚೌಕಟ್ಟು ಮೂರನ್ನೂ ಬದಲಿಸಿದವರ ಲೆಕ್ಕ ಮೂರು ಪಟ್ಟು.

ಹಾಗೆಂದು ಪ್ರತಿ ಬೋಲ್ಟಿಗೂ ಅನುಮತಿ ಬೇಕೆಂದಲ್ಲ. ಸವೆದ ಭಾಗಕ್ಕೆ ಅದೇ ಅಳತೆಯ, ಅದೇ ಗುಣಮಟ್ಟದ ಭಾಗ ಹಾಕುವುದು ದುರಸ್ತಿ. ಹೊಸ ಶಾಕ್ ಅಬ್ಸಾರ್ಬರ್, ಮೂಲ ಅಳತೆಯ ಟೈರು, ಉತ್ತಮ ಬ್ರೇಕ್ ಪ್ಯಾಡ್, ಆಸನದ ಹೊದಿಕೆ, ಸಂಗೀತ ಸಾಧನ ಇವು ತಂಟೆಯಿಲ್ಲದವು. ಬಣ್ಣ ಬದಲಿಸಬಹುದು, ಆದರೆ ಅದನ್ನು ನೋಂದಣಿ ಪ್ರಮಾಣಪತ್ರದಲ್ಲಿ ದಾಖಲಿಸಿಕೊಳ್ಳಬೇಕು. ಕೆಂಪು ಕಾರು ನೀಲಿಯಾಗಿ ಬಂದು ನಿಂತರೆ ತಪಾಸಣೆ ಅಲ್ಲಿಗೇ ನಿಲ್ಲುತ್ತದೆ. ಎಂಜಿನ್ ಸಂಪೂರ್ಣ ಹಾಳಾಗಿ ಅದೇ ಮಾದರಿಯ ಬೇರೊಂದು ಎಂಜಿನ್ ಹಾಕುವ ಸಂದರ್ಭದಲ್ಲಿ ಖರೀದಿಯ ಬಿಲ್ಲು ಅತ್ಯಗತ್ಯ. ಮೊದಲೇ ಕಚೇರಿಯನ್ನು ಸಂಪರ್ಕಿಸತಕ್ಕದ್ದು, ಬದಲಾವಣೆಯಾದ 14 ದಿನಗಳೊಳಗೆ ವರದಿ ಮಾಡತಕ್ಕದ್ದು. ಗುಜರಿಯಲ್ಲಿ ಬಿಲ್ಲಿಲ್ಲದೆ ಅಗ್ಗಕ್ಕೆ ಸಿಕ್ಕ ಎಂಜಿನ್ ಕೊನೆಗೆ ಬಲು ದುಬಾರಿಯಾಗಬಹುದು. ಹೆಚ್ಚು ಶಕ್ತಿಯ ಬೇರೆ ಎಂಜಿನ್ ಕೂರಿಸುವ ಆಲೋಚನೆಯನ್ನು ಕೈಬಿಡುವುದೇ ಲೇಸು. ಅನಿಲ ಅಥವಾ ವಿದ್ಯುತ್ ಚಾಲನೆಗೆ ಪರಿವರ್ತಿಸಲು ಆಯಾ ಮಾದರಿಗೆ ಪರೀಕ್ಷಾ ಸಂಸ್ಥೆಗಳಿಂದ ಅನುಮೋದನೆ ಪಡೆದ ಕಿಟ್ ಮಾತ್ರ ಬಳಸಬೇಕು. ವಿರಳ ಮಾದರಿಗಳಿಗೆ ಅಂತಹ ಕಿಟ್ ದೊರೆಯುವ ಸಾಧ್ಯತೆ ಕಡಿಮೆ.

ಸೈಲೆನ್ಸರ್ ತೆಗೆದು ಸದ್ದು ಹೆಚ್ಚಿಸುವುದರಿಂದ ಶಕ್ತಿ ಹೆಚ್ಚುವುದೆಂಬ ನಂಬಿಕೆ ಕೆಲವರಲ್ಲಿದೆ. ಹೆಚ್ಚುವುದು ನೆರೆಹೊರೆಯವರ ದೂರುಗಳಷ್ಟೇ. ಹೊಗೆ ತಪಾಸಣೆಯಲ್ಲಿಯೂ ಇದರ ಪರಿಣಾಮ ಕಾಣಬಹುದು, ವಿಶೇಷವಾಗಿ ಕ್ಯಾಟಲಿಟಿಕ್ ಕನ್ವರ್ಟರನ್ನೂ ಕಿತ್ತಿದ್ದಲ್ಲಿ. ಭಾರತ್ ಸ್ಟೇಜ್ 2ಕ್ಕೆ ಮುಂಚಿನ ಪೆಟ್ರೋಲ್ ಕಾರುಗಳಿಗೆ ಇಂಗಾಲದ ಮಾನಾಕ್ಸೈಡ್ ಮಿತಿ ಶೇಕಡ 3. ಸ್ಟೇಜ್ 2 ಮತ್ತು ಸ್ಟೇಜ್ 3ರವುಗಳಿಗೆ ಶೇಕಡ 0.5. ತಮ್ಮ ಕಾರು ಯಾವ ಹಂತದ್ದೆಂದು ಮಾಲೀಕರು ಮೊದಲೇ ತಿಳಿದಿರಬೇಕು. ಸ್ಟೇಜ್ 3 ಮತ್ತು ಅದಕ್ಕೂ ಹಿಂದಿನ ವಾಹನಗಳಿಗೆ ಹೊಗೆ ಪ್ರಮಾಣಪತ್ರದ ಅವಧಿ ಆರು ತಿಂಗಳು.

ಐವತ್ತು ವರ್ಷ ಮೀರಿದ ವಾಹನಗಳು

ಜುಲೈ 2021ರಲ್ಲಿ ಪ್ರಕಟವಾದ ಕೇಂದ್ರ ನಿಯಮಗಳಂತೆ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ವರ್ಗದಲ್ಲಿ ನೋಂದಾಯಿಸಬಹುದು. ಚಾಸಿ, ಹೊರಮೈ ಅಥವಾ ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ನೋಂದಣಿ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಮರುನೋಂದಣಿಗೆ 5,000 ರೂಪಾಯಿ. ದಿನನಿತ್ಯದ ಓಡಾಟಕ್ಕೆ ಇವುಗಳನ್ನು ಬಳಸುವಂತಿಲ್ಲ. 1998ರ ಸ್ಟಾರ್ಮ್‌ಗೆ ಈ ಅರ್ಹತೆ ಬರಲು 2048ರವರೆಗೆ ಕಾಯಬೇಕು. ಇಂದು ಮೂಲ ಭಾಗಗಳನ್ನು ಎಸೆಯದೆ ಪೆಟ್ಟಿಗೆಯಲ್ಲಿ ಕಟ್ಟಿಟ್ಟವರಿಗೆ ಅಂದು ಅನುಕೂಲವಾಗುತ್ತದೆ.

ಅರ್ಜಿದಾರರು ನಮೂನೆ 25, ನೋಂದಣಿ ಪ್ರಮಾಣಪತ್ರ, ಚಾಲ್ತಿ ವಿಮೆ, ಹೊಗೆ ತಪಾಸಣೆ ಪ್ರಮಾಣಪತ್ರ, ವಿಳಾಸದ ದಾಖಲೆ ಹಾಗೂ ಚಾಸಿ ಸಂಖ್ಯೆಯ ಪೆನ್ಸಿಲ್ ಪ್ರತಿಯೊಂದಿಗೆ ವಾಹನವನ್ನು ಹಾಜರುಪಡಿಸತಕ್ಕದ್ದು. 2019ರ ಏಪ್ರಿಲ್ 1ಕ್ಕೆ ಮುಂಚೆ ನೋಂದಣಿಯಾದ ವಾಹನಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕ ಇರತಕ್ಕದ್ದು. ಬಿಡಿಭಾಗಗಳ ಬಿಲ್ಲುಗಳನ್ನು ದಿನಾಂಕದ ಅನುಕ್ರಮದಲ್ಲಿ ಒಂದು ಕಡತದಲ್ಲಿ ತರುವುದು ಕಡ್ಡಾಯವಲ್ಲದಿದ್ದರೂ ಅಪೇಕ್ಷಣೀಯ. ತಪಾಸಣೆಗೆ ಬರುವ ಮುನ್ನ ಚಾಸಿ ಸಂಖ್ಯೆಯ ಜಾಗವನ್ನು ಬಟ್ಟೆಯಿಂದ ಒರೆಸಿ, ಜೊತೆಗೆ ಒಂದು ಟಾರ್ಚ್ ತರುವಂತೆ ಕೋರಲಾಗಿದೆ. ಹಳೆಯ ಕಾರುಗಳಲ್ಲಿ ಆ ಸಂಖ್ಯೆ ಎಲ್ಲಿದೆಯೆಂದು ಮಾಲೀಕರಿಗಿಂತ ಚೆನ್ನಾಗಿ ಬಲ್ಲವರು ಬೇರಿಲ್ಲ.